ಮಾವನಿಗೊಂದು ಮಡಚುವ ಚಾಕು

ಕಾರಣವಿಲ್ಲದೆ ಉಡುಗೊರೆ ತಂದುಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಹಬ್ಬವಲ್ಲ, ಹುಟ್ಟುಹಬ್ಬವಲ್ಲ, ಸುಮ್ಮನೆ ಒಂದು ಸಾಯಂಕಾಲ ನಮ್ಮ ಯಜಮಾನರು ಎರಡು ಮೊಳ ಮಲ್ಲಿಗೆಯನ್ನೋ ಅರ್ಧ ಕೆ.ಜಿ. ಮೈಸೂರು ಪಾಕನ್ನೋ ಹಿಡಿದುಕೊಂಡು ಬಾಗಿಲಲ್ಲಿ ನಿಂತರೆ, ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ "ಏನು ಮಾಡ್ಕೊಂಡು ಬಂದ್ರಿ?" ಎಂದು ಕೇಳುತ್ತೇನೆ. ಬಹಳಷ್ಟು ಸಲ ನನ್ನ ಅನುಮಾನ ನಿಜವೇ ಆಗಿರುತ್ತದೆ. ಸ್ಕೂಟರಿನ ಕನ್ನಡಿ ಒಡೆದಿರುತ್ತದೆ, ಇಲ್ಲವೇ ನಾನು ಬೇಡವೆಂದಿದ್ದ ಯಾವುದೋ ಮದುವೆಗೆ ಜೋಡಿಯಾಗಿ ಬರುತ್ತೇವೆಂದು ಮಾತು ಕೊಟ್ಟು ಬಂದಿರುತ್ತಾರೆ. ಎಲ್ಲೋ ಒಮ್ಮೆ ಬರೀ ಪ್ರೀತಿಯಿಂದಲೇ ತಂದಿರುವುದೂ ಉಂಟು. ಆ ದಿನ ನನ್ನ ವಿಚಾರಣೆ ಮುಗಿಯುವ ಹೊತ್ತಿಗೆ ಇಬ್ಬರಿಗೂ ಬಾಯಿರುಚಿ ಕೆಟ್ಟಿರುತ್ತದೆ. ಇಂಥ ನಾನು ಹೋದ ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಂತು, ಎಪ್ಪತ್ತೈದು ದಾಟಿದ ನನ್ನ ಮಾವನಿಗೆ ಉಡುಗೊರೆ ಕೊಡಲು ಒಂದು ಮಡಚುವ ಚಾಕು ಆರಿಸುತ್ತಿದ್ದೆ. ಹಬ್ಬ ಮುಗಿದುಹೋಗಿತ್ತು. ಮಾವನ ಹುಟ್ಟಿದ ದಿನ ಯಾವುದೆಂದು ಮಾವನಿಗೇ ಗೊತ್ತಿಲ್ಲ. ಹೀಗಾಗಿ ನಾನು ಏನು ಮಾಡಿಕೊಂಡಿದ್ದೆ ಎನ್ನುವುದನ್ನು ಮೊದಲೇ ಒಪ್ಪಿಕೊಳ್ಳುವುದು ಮರ್ಯಾದೆ.

ನಮ್ಮ ಮನೆ ಇರುವುದು ಮೈಸೂರಿನ ಬೋಗಾದಿಯ ಒಂದು ಹೊಸ ಬಡಾವಣೆಯಲ್ಲಿ. ರಸ್ತೆಗೆ ಹೆಸರಿನ ಫಲಕ ಬಂದಿದೆ, ರಸ್ತೆ ಇನ್ನೂ ಬಂದಿಲ್ಲ, ಅಷ್ಟು ಹೊಸದು. ಮನೆಯಲ್ಲಿ ನಾವು ಮೂವರು: ನಾನು, ನಮ್ಮವರು, ಅವರ ತಂದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮಾವ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕುಂಬಾರಕೊಪ್ಪಲಿನ ಕಡೆ ಕಂಬ ಹತ್ತಿ ಇಳಿದು ಇಳಿದು ನಿವೃತ್ತರಾದರು. ವೈರಿನ ಸಿಪ್ಪೆ ಸುಲಿಯಲು ಆಗ ಕೊಂಡಿದ್ದ ಕೊಂಬಿನ ಹಿಡಿಯ ಮಡಚುವ ಚಾಕು ನಿವೃತ್ತಿಯ ನಂತರವೂ ಅವರ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಹಾಲಿನ ಪ್ಯಾಕೆಟ್ಟಿನ ಮೂಲೆಯಿಂದ ಹಿಡಿದು ಬಾಳೆ ಎಲೆಯ ತೊಟ್ಟಿನವರೆಗೆ ಮನೆಯಲ್ಲಿ ಏನು ಕತ್ತರಿಸಬೇಕಾದರೂ ಅದೇ. ಸೀಬೆಹಣ್ಣನ್ನು ಹೋಳು ಮಾಡಿ, ಉಪ್ಪು ಖಾರ ಸವರಿ, ಸ್ಕೂಲಿನಿಂದ ಬಂದ ನನಗೆ ತಟ್ಟೆಯಲ್ಲಿ ಇಟ್ಟುಕೊಡುತ್ತಿದ್ದರು. ಅದೇ ಚಾಕುವಿನಲ್ಲಿ ಬೆಳಗ್ಗೆ ಅವರು ಕಾಲಿನ ಉಗುರು ತೆಗೆದದ್ದನ್ನು ನೋಡಿದ್ದರೂ ನಾನು ತಿನ್ನುತ್ತಿದ್ದೆ. ಸೀಬೆಹಣ್ಣಿನ ಮುಂದೆ ನನ್ನ ವಿಜ್ಞಾನ ಅಷ್ಟಕ್ಕಷ್ಟೆ. ಅಕ್ಕಪಕ್ಕದ ಕಟ್ಟಡಗಳ ಮೇಸ್ತ್ರಿಗಳು, ಬಾಡಿಗೆ ಕೋಣೆಗಳ ಹುಡುಗಿಯರು, ಎಲ್ಲರೂ "ತಾತ, ಚಾಕು ಕೊಡಿ" ಎಂದು ಬರುತ್ತಿದ್ದರು. ಮಾವ ಯಾರಿಗೂ ಇಲ್ಲವೆಂದವರಲ್ಲ. ಆದರೆ ಯಾರ ಕೈಗೂ ಕೊಟ್ಟವರಲ್ಲ. ಚಾಕು ಕೈಯಿಂದ ಕೈಗೆ ಹೋದರೆ ಇಬ್ಬರಿಗೂ ಜಗಳವಾಗುತ್ತದೆ ಎನ್ನುವುದು ಅವರ ಖಚಿತ ನಂಬಿಕೆ. ಕಟ್ಟೆಯ ಮೇಲೆ ಇಡುತ್ತಿದ್ದರು, ಬಂದವರು ಎತ್ತಿಕೊಳ್ಳಬೇಕು. ವಾಪಸು ಕೊಡುವಾಗಲೂ ಹಾಗೆಯೇ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕಬ್ಬಿಣವೆಂಬುದಕ್ಕೆಲ್ಲ ಅರಿಶಿನ ಕುಂಕುಮ. ಸ್ಕೂಟರ್ ಆಯಿತು, ಮಿಕ್ಸಿ ಆಯಿತು, ತುರಿಯುವ ಮಣೆ ಆಯಿತು. ಮಾವ ತಮ್ಮ ಚಾಕುವನ್ನು ಬೂದಿ ಹಾಕಿ ಉಜ್ಜಿ, ಮಾವಿನ ಎಲೆಯ ಮೇಲಿಟ್ಟು, ಅದರ ಮೇಲೆ ಅಷ್ಟೆತ್ತರ ಸೇವಂತಿಗೆ ಸುರಿದರು. ಪೂಜೆಗೆ ಇಟ್ಟದ್ದನ್ನು ಕೂಡಲೇ ಮುಟ್ಟಬಾರದೆಂದು ಎರಡು ದಿನ ಹಾಗೇ ಬಿಟ್ಟರು. ಮೂರನೆಯ ದಿನ ಬೆಳಗ್ಗೆ ನಾನು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಹೊರಗೆ ಕಸದ ಗಾಡಿಯ ಹಾಡು ಕೇಳಿಸಿತು. ಬಾಡಿದ ಹೂವು, ಮಾವಿನ ಎಲೆ, ಬಾಳೆಕಂದು, ಎಲ್ಲವನ್ನೂ ಕೆಳಗೆ ಹಾಸಿದ್ದ ಎಲೆಯ ಸಮೇತ ಬಾಚಿ ಬಕೆಟ್ಟಿಗೆ ತುಂಬಿಕೊಂಡು ಓಡಿದೆ. ನಮ್ಮ ಬಡಾವಣೆಯಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಮನೆಮನೆಗೆ ಹೋಗಿ ಪಾಠ ಮಾಡಿದವಳು ನಾನೇ. ಬಕೆಟ್ಟನ್ನು ಗಾಡಿಯ ಹಸಿರು ಭಾಗಕ್ಕೆ ಹೆಮ್ಮೆಯಿಂದ ಬೋರಲು ಹಾಕಿದಾಗ ಒಳಗೆ ಟಣ್ ಎಂದಿತು. ಗಾಡಿಯ ಜೊತೆ ಬರುವ ಹೆಣ್ಣುಮಗಳು, "ಏನೋ ಸದ್ದಾಯ್ತಲ್ಲ ಮೇಡಂ?" ಎಂದಳು. "ಕಾಯಿ ಚಿಪ್ಪಿರಬೇಕು" ಎಂದು ನಾನು ಒಳಗೆ ಬಂದೆ. ಕಾಯಿ ಚಿಪ್ಪು ಟಣ್ ಎನ್ನುವುದಿಲ್ಲ. ಶಬ್ದದ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ, ನನಗೆ ಗೊತ್ತಿರಬೇಕಿತ್ತು.

ಆ ಸಾಯಂಕಾಲವೇ ಮಾವ ಹುಡುಕಲು ಶುರು ಮಾಡಿದರು. ಅಂಗಿಯ ಜೇಬು, ದಿಂಬಿನ ಕೆಳಗೆ, ಕಟ್ಟೆಯ ಮೂಲೆ. "ಪೂಜೆಯಿಂದ ಎತ್ತಿ ಜೋಬಿಗೆ ಆಕ್ಕೊಂಡಂಗೆ ಗ್ಯಾಪ್ಕ ಕಣಮ್ಮ, ಎಲ್ ಓಯ್ತೋ ಕಾಣೆ" ಎಂದರು. ಅವರು ಹಾಗೆಂದ ಕ್ಷಣದಲ್ಲೇ ನನಗೆ ಆ ಟಣ್ ಕೇಳಿಸಿತು. ಸೇವಂತಿಗೆ ರಾಶಿ, ಮಾವಿನ ಎಲೆ, ಹಸಿರು ಭಾಗ, ಎಲ್ಲ ಕಣ್ಣಿಗೆ ಕಟ್ಟಿತು. ಆಗಲೇ ಬಾಯಿ ಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಕಷ್ಟ ತಪ್ಪುತ್ತಿತ್ತು. ನಾನು "ಎಲ್ಲೋ ಇರುತ್ತೆ ಬಿಡಿ ಮಾವ" ಎಂದೆ. ಅದು ಸುಳ್ಳೇನಲ್ಲ. ವಸ್ತುವನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂದು ಒಂಬತ್ತನೆಯ ತರಗತಿಗೆ ಹೇಳಿಕೊಡುವವಳು ನಾನು. ಆ ಚಾಕು ಮೈಸೂರಿನ ಯಾವುದೋ ಗೊಬ್ಬರದ ಗುಡ್ಡೆಯೊಳಗೆ ಇದ್ದೇ ಇತ್ತು.

ಒಂದೆರಡು ದಿನ ಬೇಜಾರು ಮಾಡಿಕೊಂಡು ಮರೆಯುತ್ತಾರೆಂದು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿತು. ಮಾವನಿಗೆ ಚಾಕು ಹೋದದ್ದಕ್ಕಿಂತ ದೊಡ್ಡ ಚಿಂತೆ ಹತ್ತಿಕೊಂಡಿತು. ಕಂಬ ಹತ್ತುವ ಕೆಲಸದಲ್ಲಿ ಮರೆವು ಎಂದರೆ ಸಾವು. ಕೆಳಗೆ ಲೈನ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೇಲೆ ಹೋಗಿ ಯೋಚಿಸುವವನು ತಾನಾಗಿ ಇಳಿದು ಬರುವುದಿಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಅಷ್ಟು ವರ್ಷ ಒಮ್ಮೆಯೂ ಮರೆಯದ ತಾವು ಜೇಬಿನ ಚಾಕುವನ್ನು ಎಲ್ಲಿಟ್ಟೆನೆಂದು ಮರೆತರೆ ಅದರ ಅರ್ಥ ಒಂದೇ ಎಂದು ಅವರು ತೀರ್ಮಾನಿಸಿಬಿಟ್ಟರು. "ಅರಳುಮರಳು ಸುರುವಾಯ್ತು ಕಣಮ್ಮ" ಎಂದು ನಗುತ್ತಲೇ ಹೇಳಿದರು. ನಗು ತುಟಿಯಲ್ಲಷ್ಟೇ ಇತ್ತು. ವಾರಕ್ಕೊಮ್ಮೆ ಒಬ್ಬರೇ ಬಸ್ಸು ಹತ್ತಿ ಇಲವಾಲದಲ್ಲಿರುವ ತಂಗಿಯ ಮನೆಗೆ ಹೋಗಿಬರುತ್ತಿದ್ದವರು, "ಇಳಿಯೋ ಸ್ಟಾಪು ಮರೆತ್ರೆ ಎಂಗೆ?" ಎಂದು ಮನೆಯಲ್ಲೇ ಉಳಿದರು. ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ "ನುಂಗಿದ್ನಾ?" ಎಂದು ನನ್ನನ್ನು ಕೇಳತೊಡಗಿದರು. ನೋಡಿ, ಅವರಿಗೆ ಮರೆವಿರಲಿಲ್ಲ. ಆದರೆ ತನಗೆ ಮರೆವಿದೆ ಎಂದು ನಂಬಿದ ಮನುಷ್ಯ ದಿನಕ್ಕೆ ಇಪ್ಪತ್ತು ಸಲ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಾನೆ, ಒಂದೆರಡು ಸಲ ಫೇಲಾಗುತ್ತಾನೆ. ನನ್ನ ಕಣ್ಣೆದುರಿಗೇ ಅವರು ಸೊರಗುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಎಷ್ಟು ದಿನ ತಡವಾಗುತ್ತಿತ್ತೋ ಅಷ್ಟು ಬಾಯಿ ಕಟ್ಟಿಹೋಗುತ್ತಿತ್ತು.

ಹುರುಳಿಕಾಯಿ ನಾರು ತೆಗೆಯುತ್ತಾ ನಮ್ಮವರ ಹತ್ತಿರ ಎಲ್ಲ ಹೇಳಿಕೊಂಡೆ. "ಹೇಳ್ಬಿಡು, ಅಪ್ಪ ಏನೂ ಅನ್ನಲ್ಲ" ಎಂದರು. "ನೀವೇ ಹೇಳ್ರೀ, ನಿಮ್ಮಪ್ಪ ತಾನೆ" ಎಂದೆ. ಅವರು ಗಂಭೀರವಾಗಿ, "ನಾನು ಹುಟ್ಟಿದಾಗಿನಿಂದ ನಮ್ಮಪ್ಪನಿಗೆ ಪೂರ್ತಿ ನಿಜ ಹೇಳಿದವನಲ್ಲ. ಈಗ ಶುರು ಮಾಡಿದ್ರೆ ಹೆದರ್ಕೋತಾರೆ ಕಣೇ" ಎಂದರು. ಕೊನೆಗೆ ಇಬ್ಬರೂ ಸೇರಿ ಹೇಡಿಗಳ ದಾರಿ ಕಂಡುಕೊಂಡೆವು: ಅಂಥದ್ದೇ ಇನ್ನೊಂದು ಚಾಕು ತಂದು ಕೊಟ್ಟುಬಿಡುವುದು. ಜೇಬಿಗೆ ಚಾಕು ಬಂದರೆ ತಲೆಗೆ ಧೈರ್ಯವೂ ಬಂದೀತು ಎಂಬುದು ನಮ್ಮ ಸಿದ್ಧಾಂತ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಮಡಚುವ ಚಾಕು ಎಂದು ಬರೆದದ್ದೇ ತಡ, ಕಪ್ಪು ಬಣ್ಣದ, ಗರಗಸದ ಹಲ್ಲಿನ, ಹಿಡಿಯ ಮೇಲೆ ತಲೆಬುರುಡೆ ಕೆತ್ತಿದ ಭಯಂಕರ ವಸ್ತುಗಳು ಸಾಲಾಗಿ ಬಂದವು. ಒಂದರ ಕೆಳಗೆ ಯಾರೋ ಪುಣ್ಯಾತ್ಮರು "ಕರಡಿಗೂ ಸಾಕು" ಎಂದು ಬರೆದಿದ್ದರು. ಬೋಗಾದಿಯಲ್ಲಿ ಸೀಬೆಹಣ್ಣು ಹೆಚ್ಚಲು ಅಷ್ಟೆಲ್ಲ ಬೇಡ. ಇನ್ನೊಂದರಲ್ಲಿ ಚಾಕುವಿನ ಜೊತೆಗೆ ಕತ್ತರಿ, ಗರಗಸ, ಸ್ಕ್ರೂಡ್ರೈವರ್, ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಹಲ್ಲುಕಡ್ಡಿ ಎಲ್ಲವೂ ಮಡಚಿಕೊಂಡು ಕೂತಿದ್ದವು. ಮಾವ ಉಗುರು ತೆಗೆಯಲು ಹೋಗಿ ಗರಗಸ ಬಿಚ್ಚಿಕೊಂಡರೆ ಏನು ಗತಿ ಎಂದು ಅದನ್ನೂ ಬಿಟ್ಟೆ. ಮರುದಿನದಿಂದ ನನ್ನ ಮೊಬೈಲು ನನ್ನನ್ನು ಬೇರೆಯೇ ಹೆಂಗಸೆಂದು ತಿಳಿದುಕೊಂಡಿತು. ಸೀರೆ ತೋರಿಸುತ್ತಿದ್ದದ್ದು ಕಾಡಿನ ಬಣ್ಣದ ಪ್ಯಾಂಟು ತೋರಿಸತೊಡಗಿತು. ಬೆಂಕಿಕಡ್ಡಿಯಿಲ್ಲದೆ ಬೆಂಕಿ ಹೊತ್ತಿಸುವುದು ಹೇಗೆ, ಹಾವು ಕಂಡರೆ ಎಲ್ಲಿ ಹಿಡಿಯಬೇಕು ಎಂದು ಹೇಳಿಕೊಡತೊಡಗಿತು. ಸ್ಟಾಫ್ ರೂಮಿನಲ್ಲಿ ಪಕ್ಕ ಕೂತವರು ಇಣುಕಿ ನೋಡಿ ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡರು.

ಹೀಗೆ ಸಂತೆಪೇಟೆಗೆ ಹೋದೆ. ಶನಿವಾರ, ಸ್ಕೂಲು ಅರ್ಧ ದಿನ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ "ಏನು ಬೇಕಿತ್ತಮ್ಮ?" ಎಂದರು. "ಚಾಕು. ಮಡಚುವಂಥದ್ದು. ಜೇಬಲ್ಲಿ ಇಟ್ಕೊಳ್ಳೋಕೆ." "ಯಾರಿಗೆ?" "ನಮ್ಮ ಮಾವನಿಗೆ." ಅವರು ಕನ್ನಡಕವನ್ನು ಮೇಲೇರಿಸಿ ನನ್ನನ್ನು ಸರಿಯಾಗಿ ನೋಡಿದರು. ಸೊಸೆಯಾದವಳ ಬಾಯಲ್ಲಿ ಮಾವ ಮತ್ತು ಚಾಕು ಒಟ್ಟಿಗೆ ಬಂದರೆ ಕೇಳಿದವರಿಗೆ ಏನನಿಸುತ್ತದೆ ಎಂದು ನನಗೆ ಆಗ ಹೊಳೆಯಿತು. "ಉಡುಗೊರೆ ಕೊಡೋಕೆ" ಎಂದು ಸೇರಿಸಿದೆ. "ಅವರಿಗೆ ಸೀಬೆಹಣ್ಣು ಹೆಚ್ಚೋದು ಅಂದ್ರೆ ಇಷ್ಟ." ಅಂಗಡಿಯವರು ನಿರಾಳವಾಗಿ ಒಂದು ತಗಡಿನ ಡಬ್ಬ ತೆಗೆದರು.

ಚಾಕು ಆರಿಸುವುದು ಇಷ್ಟು ಕಷ್ಟವೆಂದು ಅಂದೇ ಗೊತ್ತಾದದ್ದು. ಥಳಥಳ ಹೊಳೆಯುವ ಒಂದನ್ನು ಎತ್ತಿಕೊಂಡೆ. ಅಂಗಡಿಯವರು ತಲೆಯಾಡಿಸಿದರು. "ಹೊಳಪು ನೋಡಬೇಡಿ ಕಣಮ್ಮ. ಮೊದಲು ಬಿಚ್ಚಿ ನೋಡಿ." ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇರುತ್ತದೆ, ಅದಕ್ಕೆ ಉಗುರು ಕೊಟ್ಟು ಎಳೆದೆ. ಚಾಕು ಬಿಚ್ಚಲಿಲ್ಲ, ಉಗುರು ಮುರಿಯಿತು. "ನೋಡಿದ್ರಾ? ವಯಸ್ಸಾದೋರ ಕೈಗೆ ಇದು ಆಗಲ್ಲ." ಎರಡನೆಯದು ಮುಟ್ಟಿದರೆ ಸಾಕು, ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅದು ಜೇಬಿನಲ್ಲೂ ಹಾಗೇ ಮಾಡೀತು ಎಂದರು. ಮೂರನೆಯದಕ್ಕೆ ಬಿಚ್ಚಿದ ಮೇಲೆ ಅಲಗು ಮಡಚದ ಹಾಗೆ ಹಿಡಿಯುವ ಬೀಗವಿತ್ತು. ಒಳ್ಳೆಯದೇ, ಆದರೆ ಬೀಗ ಬಿಡಿಸಲು ಅಂಗಡಿಯವರೇ ಎರಡು ಕೈ ಹಾಕಬೇಕಾಯಿತು. ನಾಲ್ಕನೆಯದು ಚಿಕ್ಕದು. ಮರದ ಹಿಡಿ, ಒಂದೇ ಅಲಗು, ನನ್ನ ಬೆರಳಿನಷ್ಟು ಉದ್ದ, ಬುಡದಲ್ಲಿ ದಾರ ಕಟ್ಟಲು ತೂತು. ಬಿಚ್ಚಿದರೆ ಗಟ್ಟಿಯಾಗಿ ನಿಂತಿತು. "ಮಡಚೋವಾಗ ಕಿವಿ ಕೊಡಿ" ಎಂದರು. ಟಕ್ ಎಂದಿತು. "ಆ ಟಕ್ ಬಂದ್ರೆ ಸ್ಪ್ರಿಂಗು ಸರಿಯಾಗಿದೆ ಅಂತ. ಮುಚ್ಚಿದೀನಿ ಅಂತ ಅದೇ ಹೇಳುತ್ತೆ. ಮರೆವಿರೋರಿಗೂ ಭಯವಿಲ್ಲ." ಆ ಕೊನೆಯ ಮಾತಿಗೆ ನಾನು ಮುಖ ಬೇರೆ ಕಡೆ ತಿರುಗಿಸಿದೆ. ಕಾಗದದಲ್ಲಿ ಸುತ್ತಿ ಕೊಡುವಾಗ ಅವರು, "ಶನಿವಾರ ಕಬ್ಬಿಣ ಮನೆಗೆ ತಗೊಂಡೋಗ್ತೀರಲ್ಲ, ಪರವಾಗಿಲ್ವ?" ಎಂದರು. "ನಾನು ಸೈನ್ಸ್ ಟೀಚರ್" ಎಂದು ಠೀವಿಯಿಂದ ಹೇಳಿ ಹೊರಟೆ. ಮನೆ ತಲುಪಿದ ಮೇಲೆ ಚಾಕುವನ್ನು ಸ್ಕೂಟರಿನ ಡಿಕ್ಕಿಯಲ್ಲೇ ಬಿಟ್ಟು, ಸ್ಕೂಟರನ್ನು ಗೇಟಿನ ಹೊರಗೇ ನಿಲ್ಲಿಸಿ, ಭಾನುವಾರ ಬೆಳಗ್ಗೆ ಒಳಗೆ ತಂದೆ. ಯಾಕೆಂದು ಕೇಳಬೇಡಿ.

ಮಾವ ಹಜಾರದಲ್ಲಿ ಪೇಪರ್ ಓದುತ್ತಿದ್ದರು. "ಸುಮ್ಮನೆ ತಂದೆ ಮಾವ, ನಿಮಗೆ" ಎಂದು ಚಾಕು ಚಾಚಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು. "ಕೈಗೆ ಕೊಡಬ್ಯಾಡ ಕಣಮ್ಮ, ಕೆಳಗಿಡು." ಟೀಪಾಯಿಯ ಮೇಲಿಟ್ಟೆ. ಅವರು ಬಗ್ಗಿ ನೋಡಿದರು. ಮರದ ಹಿಡಿ ನೋಡಿದರು, ತೂತು ನೋಡಿದರು. ಲೈನ್‌ಮನ್ನರ ಕಣ್ಣು, ಒಳ್ಳೆಯ ಸಾಮಾನೆಂದು ಗೊತ್ತಾಗಿರಬೇಕು. ಮುಖ ಒಂದು ಗಳಿಗೆ ಅರಳಿತು. ಆಮೇಲೆ, "ಬ್ಯಾಡ ಕಣಮ್ಮ. ಇದನ್ನೂ ಎಲ್ಲಾದ್ರೂ ಕಳೆದುಬುಡ್ತೀನಿ. ಅರಿತವಾದ್ದು ನನ್ನಂಥೋನ ಕೈಲಿ ಇರಬಾರದು, ಯಾರಾದ್ರೂ ಮಕ್ಕಳ ಕೈಗೆ ಸಿಕ್ರೆ?" ಎಂದು ಮತ್ತೆ ಪೇಪರ್ ಎತ್ತಿಕೊಂಡರು. ಇಟ್ಟ ಚಾಕುವನ್ನು ಇನ್ನೊಬ್ಬರು ಎತ್ತಿಕೊಂಡರೆ ತಾನೆ ಕೊಟ್ಟಂತೆ? ಅವರು ಎತ್ತಿಕೊಳ್ಳಲಿಲ್ಲ. ನನಗೆ ವಾಪಸು ಎತ್ತಿಡಲು ಮನಸ್ಸು ಬರಲಿಲ್ಲ. ಭಾನುವಾರ, ಸೋಮವಾರ, ಮಂಗಳವಾರ, ಚಾಕು ಟೀಪಾಯಿಯ ಮೇಲೇ ಕೂತಿತ್ತು. ಕಾಫಿ ಲೋಟ ಇಡುವವರೆಲ್ಲ ಅದನ್ನು ಮುಟ್ಟದೆ ಆಚೆ ಇಡುತ್ತಿದ್ದೆವು.

ಬುಧವಾರ ಸಾಯಂಕಾಲ ನಾನು ಸ್ಕೂಲಿನಿಂದ ಬಂದು ಕೂತಿದ್ದೆ. ಮಾವ ಒಂದು ಪೆನ್ನು, ನನ್ನದೇ ನೋಟ್‌ಬುಕ್ಕಿನ ಒಂದು ಹಾಳೆ ತಂದು ಮುಂದಿಟ್ಟರು. "ಮನೆ ಅಡ್ರೆಸ್ಸು, ನಿಮ್ಮಿಬ್ಬರ ಫೋನ್ ನಂಬ್ರ ದೊಡ್ಡದಾಗಿ ಬರ್ಕೊಡವ್ವ. ಜೋಬಲ್ಲಿ ಇಟ್ಕೊಂಡಿರ್ತೀನಿ. ನಾಳೆ ಎಲ್ಲಾದ್ರೂ ದಾರಿ ತಪ್ಪಿ ನಿಂತ್ಕೊಂಡ್ರೆ ಯಾರಾದ್ರೂ ಪುಣ್ಯಾತ್ಮರು ತಂದುಬುಡ್ತಾರೆ" ಎಂದರು. ಅಂಗಿಯ ಜೇಬನ್ನು ತಟ್ಟಿ ತೋರಿಸಿದರು. ಇಷ್ಟು ವರ್ಷ ಚಾಕು ಇದ್ದ ಜೇಬು, ಬಟ್ಟೆ ಅದರ ಆಕಾರಕ್ಕೇ ಜೋತುಬಿದ್ದಿತ್ತು. ನಾನು ಅವರ ಹೆಸರು ಬರೆದೆ. ಮನೆಯ ನಂಬರ್ ಬರೆದೆ. ಅಡ್ಡರಸ್ತೆ ಬರೆಯುವಾಗ ಕೈ ಓಡಲಿಲ್ಲ.

"ಮಾವ, ಚಾಕು ನೀವು ಕಳೆದದ್ದಲ್ಲ. ನಾನು" ಎಂದೆ. "ಪೂಜೆ ಹೂವಿನ ಜೊತೆ ಕಸದ ಗಾಡಿಗೆ ಹಾಕ್ಬಿಟ್ಟೆ." ಮಾವ ನನ್ನನ್ನೇ ನೋಡಿದರು. "ಗಾಡಿಗಾ?" "ಹೂಂ." "ಅಸಿ ಕಸಕ್ಕಾ?" "ಹೂಂ." "ಕಬ್ಬಿಣಾನ?" "ಹೂಂ ಮಾವ." "ನೀನಾ!" ಅವರು ಬೈಯಲಿ ಎಂದು ತಲೆ ತಗ್ಗಿಸಿ ಕಾದೆ. ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಮಾವನ ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಅಗಲವಾಗಿತ್ತು. "ಅಂಗಾರೆ ನಂಗೇನೂ ಆಗಿಲ್ಲ!" ಎಂದು ಎದ್ದು ನಿಂತರು. "ಲೋ, ಬಾರೋ ಇಲ್ಲಿ! ನಂಗೇನೂ ಆಗಿಲ್ವಂತೆ ಕಣೋ!" ಎಂದು ಮಗನನ್ನು ಕೂಗಿದರು. ನಮ್ಮವರು ಒಳಗಿನಿಂದ ಬಂದರು. "ಇನ್ನೊಂದ್ ಸಲ ಯೋಳವ್ವ, ಇವನೂ ಕೇಳಲಿ." ಇನ್ನೊಂದು ಸಲ ಹೇಳಿದೆ. ಆಗಲೇ ಆ ಮಾತು ನನ್ನ ಬಾಯಿಂದ ಜಾರಿದ್ದು: "ಈ ಅಡ್ರೆಸ್ ಬರೀತಾ ಇದ್ದೆನಲ್ಲ, ಈಗ ತಾನೇ ನೆನಪಾಯ್ತು ಮಾವ." ನಮ್ಮವರು ನನ್ನ ಮುಖ ನೋಡಿ, ಆಮೇಲೆ ಛಾವಣಿ ನೋಡತೊಡಗಿದರು. ಮಾವ ಟೀಪಾಯಿಯ ಮೇಲಿದ್ದ ಚಾಕುವನ್ನು ಎತ್ತಿಕೊಂಡರು. ಉಗುರು ಕೊಟ್ಟು ಬಿಚ್ಚಿದರು, ನಾನು ಅರ್ಧ ಬರೆದಿದ್ದ ಚೀಟಿಯನ್ನು ನಡುವೆ ಮಡಚಿ ಸರಕ್ಕನೆ ಸೀಳಿದರು, ಟಕ್ ಎಂದು ಮುಚ್ಚಿ ಜೇಬಿಗೆ ಹಾಕಿಕೊಂಡರು. ಕೂಡಲೇ ಇಲವಾಲದ ತಂಗಿಗೆ ಫೋನು ಹೋಯಿತು. ಫೋನಿಲ್ಲದೆಯೂ ಇಲವಾಲಕ್ಕೆ ಕೇಳಿಸುವಷ್ಟು ಜೋರಾಗಿ ಮಾತಾಡಿದರು. "ನಂಗಲ್ಲ ಕಣೇ, ಮರೆವು ನನ್ ಸೊಸೆಗೆ! ಊಂ, ಪಾಪ, ಈ ವಯಸ್ಸಿಗೇ!"

ಅಂದಿನಿಂದ ಮಾವ ಹುಷಾರು. ಒಬ್ಬರೇ ಬಸ್ಸು ಹತ್ತುತ್ತಾರೆ, ಬಡಾವಣೆ ತುಂಬಾ ಓಡಾಡುತ್ತಾರೆ, ಹೋದಲ್ಲೆಲ್ಲ ನನ್ನ ಮರೆವಿನ ಬಗ್ಗೆ ಮರುಗುತ್ತಾರೆ. "ಮಕ್ಕಳಿಗೆ ಪಾಠ ಯೋಳಿ ಯೋಳಿ ತಲೆ ದಣಿದುಬುಟ್ಟದೆ, ಯಾರೂ ಏನೂ ಅನ್ನಬ್ಯಾಡಿ" ಎಂದು ಎಲ್ಲರನ್ನೂ ಕೇಳಿಕೊಂಡಿದ್ದಾರಂತೆ. ಎದುರುಮನೆಯವರು ಈಗ ನನ್ನನ್ನು ಕಂಡರೆ ತಮ್ಮ ಹೆಸರು ಹೇಳಿಯೇ ಮಾತು ಶುರು ಮಾಡುತ್ತಾರೆ. ದಿನಾ ಬೆಳಗ್ಗೆ ಮಾವ ಹಿತ್ತಲಿನ ನಲ್ಲಿಯ ಪಕ್ಕದಲ್ಲಿ ಹಬ್ಬಿರುವ ಒಂದೆಲಗವನ್ನು ಹೊಸ ಚಾಕುವಿನಲ್ಲಿ ಕೊಯ್ದು, ತೊಳೆದು, ಐದು ಎಲೆ ತಟ್ಟೆಯಲ್ಲಿಟ್ಟು ತರುತ್ತಾರೆ. "ಮರೆವಿಗೆ ಒಳ್ಳೇದು, ಅಗೀಬೇಕು, ನುಂಗಬಾರದು" ಎಂದು ನಾನು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಾರೆ. ನಾನು ಅಗಿಯುತ್ತೇನೆ. ಎಲೆ ಒಗರು. ಮರೆತವಳಾಗಿದ್ದರೆ ಇಷ್ಟು ಹೊತ್ತಿಗೆ ಮದ್ದು ನಾಟುತ್ತಿತ್ತೋ ಏನೋ, ಆದರೆ ನಾನು ಒಂದು ದಿನವೂ ಮರೆತವಳಲ್ಲ. ಮೂರು ವಾರ ಎಲ್ಲವನ್ನೂ ಚೆನ್ನಾಗಿ ನೆನಪಿಟ್ಟುಕೊಂಡೇ ಸುಮ್ಮನಿದ್ದವಳು. ಅಂಥವರು ಯಾವ ಸೊಪ್ಪು ತಿನ್ನಬೇಕೆಂದು ಮಾವನನ್ನು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.